ಫಿಸಿಯೋ ಓದಿದೋರಿಗೆ ಎಂಎಸ್‌ಎಫ್ (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್), ರೆಡ್ ಕ್ರಾಸ್ ಕಡೆ ನಿಜವಾಗ್ಲೂ ಕೆಲಸ ಇದ್ಯಾ?

ಇಂಟರ್ನ್_ಬಿಪಿಟಿ

ಎಲ್ರಿಗೂ ನಮಸ್ಕಾರ, ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಮುಗ್ಸಿ ಈಗ ಇಂಟರ್ನ್‌ಶಿಪ್ ಮಾಡ್ತಿದೀನಿ. ಬ್ಯಾಚಲ್ಲಿ ಅರ್ಧ ಜನ ಆಸ್ಟ್ರೇಲಿಯಾ, ಕೆನಡಾ ಲೈಸೆನ್ಸ್ ಎಕ್ಸಾಮಿಗೆ ಓದ್ತಾ ಕೂತಿದಾರೆ, ಉಳಿದೋರಿಗೆ ಐಪಿಎಲ್ ಟೀಮ್ ಜೊತೆ ಓಡಾಡೋ ಆಸೆ. ನಂಗೆ ಮಾತ್ರ ಯುದ್ಧ, ಭೂಕಂಪ, ನಿರಾಶ್ರಿತರ ಕ್ಯಾಂಪು ಇಂಥ ಕಡೆ ಕೆಲಸ ಮಾಡ್ಬೇಕು ಅಂತ ತುಂಬಾ ದಿನದಿಂದ ತಲೇಲಿದೆ. ಸೀನಿಯರ್ ಒಬ್ರನ್ನ ಕೇಳಿದ್ರೆ ನಕ್ಬಿಟ್ರು, "ಅಲ್ಲಿ ಬೇಕಾಗಿರೋದು ಸರ್ಜನ್ನು, ಅನಸ್ತೇಷಿಯಾ ಡಾಕ್ಟ್ರು, ನರ್ಸು, ನೀನ್ ಹೋಗಿ ಬಾಂಬ್ ಬಿದ್ದಿರೋ ಕಡೆ ಎಕ್ಸರ್‌ಸೈಜ್ ಮಾಡಿಸ್ತೀಯಾ" ಅಂತ. ಮನೇಲಿ ಬಿಡಿ, ನಮ್ಮತ್ತೆ ಇನ್ನೂ ನನ್ನ ಮಸಾಜ್ ಡಾಕ್ಟ್ರು ಅಂತಾನೇ ಪರಿಚಯ ಮಾಡ್ಕೊಡೋದು. ಹೋಗಿ ಬಂದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್, ಫಿಸಿಯೋಗೆ ಅಲ್ಲಿ ನಿಜವಾದ ಕೆಲಸ ಏನು?

ಮಲೆನಾಡ್_ಫಿಸಿಯೋ

ನಿಮ್ ಸೀನಿಯರ್‌ಗೆ ಒಂದ್ ವಿಷ್ಯ ಹೇಳಿ. ಎಮರ್ಜೆನ್ಸಿ ಮೆಡಿಕಲ್ ಟೀಮ್‌ಗಳಿಗೆ ರಿಹ್ಯಾಬ್ (ಗಾಯ ಆದ್ಮೇಲೆ ಮತ್ತೆ ಓಡಾಡೋ ಹಂಗೆ ಮಾಡೋ ಚಿಕಿತ್ಸೆ) ಬಗ್ಗೆ ಅಂತಾನೇ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2016ರಲ್ಲಿ ಕನಿಷ್ಠ ಮಾನದಂಡ ತಂದಿದೆ, ಆಪರೇಷನ್ ಥಿಯೇಟರ್ ಸಮೇತ ಫೀಲ್ಡ್ ಆಸ್ಪತ್ರೆ ಹೊತ್ಕೊಂಡು ಹೋಗೋ ಟೀಮು ಶುರುವಿನಿಂದಾನೇ 20 ಬೆಡ್‌ಗೆ ಒಬ್ರಾದ್ರೂ ರಿಹ್ಯಾಬ್‌ನೋರನ್ನ ಇಟ್ಕೊಂಡಿರ್ಬೇಕು ಅಂತ. ಇದೇನು ಸುಮ್ನೆ ಬಂದಿದ್ದಲ್ಲ. 2010ರ ಹೈಟಿ ಭೂಕಂಪದಲ್ಲಿ ಎಲ್ಲೆಲ್ಲಿಂದಾನೋ ಟೀಮ್‌ಗಳು ಇಳಿದ್ವು, ಕಾಲು ಕತ್ತರಿಸಿದ್ರು, ರಾಡ್ ಹಾಕಿದ್ರು, ಎಷ್ಟೋ ಜನ ಆಮೇಲೆ ವಿಮಾನ ಹತ್ತಿ ಹೊರಟೋದ್ರು, ಆ ಪೇಶಂಟ್‌ಗಳನ್ನ ಮುಂದೆ ಯಾರು ನೋಡ್ಬೇಕು ಅನ್ನೋ ಪ್ರಶ್ನೆ ಹಂಗೇ ಉಳ್ಕೊಂತು.

ನಾನು ಹೋಗಿದ್ದು ನೇಪಾಳಕ್ಕೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಹತ್ತತ್ರ 9 ಸಾವಿರ ಜನ ಸತ್ರು ಅಂತ ಎಲ್ರೂ ಹೇಳ್ತಾರೆ, ಗಾಯ ಆದೋರು 22 ಸಾವಿರದಷ್ಟು ಅನ್ನೋದನ್ನ ಯಾರೂ ಹೇಳಲ್ಲ. ಕಲ್ಲು ಮಣ್ಣಿನ ಗೋಡೆ ಮೈಮೇಲೆ ಬಿದ್ದು ಬೆನ್ನುಹುರಿಗೆ ಏಟಾದೋರು ತುಂಬಾ ಜನ. ಕಠ್ಮಂಡು ಪೂರ್ವಕ್ಕೆ ಸಾಂಗಾ ಅಂತ ಜಾಗದಲ್ಲಿ ಸ್ಪೈನಲ್ ಇಂಜುರಿ ಸೆಂಟರ್ ಇದೆ, ಅದು ಮೊದಲೇ ಇದ್ದಿದ್ದಕ್ಕೆ ಬಚಾವು, ಇದ್ದ ಬೆಡ್ಡಿಗಿಂತ ಎಷ್ಟೋ ಪಟ್ಟು ಜನ ಅಲ್ಲಿಗೆ ಬಂದ್ರು. ಇಂಥ ಪೇಶಂಟ್‌ಗೆ ಸರ್ಜನ್ ಕೆಲಸ ಕೆಲವು ಗಂಟೆದು, ಮಿಕ್ಕಿದ್ ತಿಂಗಳುಗಟ್ಲೆ ನರ್ಸು, ಫಿಸಿಯೋ, ಮನೆಯೋರು ಅಷ್ಟೇ. ಎರಡ್ ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಲಿಲ್ಲ ಅಂದ್ರೆ ಸೊಂಟದ ಹಿಂದೆ ಹುಣ್ಣಾಗುತ್ತೆ, ಅದು ಮೂಳೆ ತನಕ ಇಳಿದು ನಂಜೇರಿದ್ರೆ ಜೀವಾನೇ ಹೋಗುತ್ತೆ. ಹೆಂಡ್ತಿಗೆ ತಿರುಗಿಸೋದು ಕಲಿಸ್ಬೇಕು, ಪೇಶಂಟ್ ಕೈಗೆ ಕನ್ನಡಿ ಕೊಟ್ಟು ತನ್ನ ಚರ್ಮ ತಾನೇ ದಿನಾ ನೋಡ್ಕೊಳೋದು ಕಲಿಸ್ಬೇಕು.

ಇನ್ನು ಮನೆಗೆ ಕಳ್ಸೋ ಕಥೆ. ಊರು ಗುಡ್ಡದ ಮೇಲೆ, ರಸ್ತೆಯಿಂದ ಕಲ್ಲಿನ ಮೆಟ್ಲು ಹತ್ಕೊಂಡು ಹೋಗ್ಬೇಕು, ಡೊನೇಷನ್ ಬಂದಿರೋ ವೀಲ್‌ಚೇರ್ ಆಸ್ಪತ್ರೆ ಟೈಲ್ಸ್ ಮೇಲೆ ಓಡೋಕೆ ಮಾಡಿರೋದು. ಟಾಯ್ಲೆಟ್ ಮನೆ ಒಳಗಾ ಹೊರಗಾ, ಬಾಗಿಲು ಎಷ್ಟಗಲ, ಮನೆ ಬಿದ್ದೋಗಿದ್ರೆ ಈಗ ಮಲಗೋದು ಯಾವ ಶೆಡ್ಡಲ್ಲಿ, ಇದೆಲ್ಲ ಕೇಳ್ಕೊಂಡು ಡಿಸ್ಚಾರ್ಜ್ ಪ್ಲಾನ್ ಮಾಡೋದೂ ನಾವೇ. ಬಾಂಬ್ ಬಿದ್ದಿರೋ ಕಡೆ ಎಕ್ಸರ್‌ಸೈಜ್ ಅಂತೆ!

ಹುಬ್ಬಳ್ಳಿ_ಮಂದಿ

ಎಲ್ಲಾ ಖರೆ ಐತ್ರಿ, ಆದ್ರ ಹುಡುಗ್ರಿಗೆ ಬರೇ ಛಲೋದಷ್ಟ ಹೇಳಬ್ಯಾಡ್ರಿ. ಎರಡ ವಾರ ಹೋಗಿ, ಸಣ್ಣ ಹುಡುಗ್ರನ್ನ ಎತ್ಕೊಂಡು ಫೋಟೋ ತೆಗಸ್ಕೊಂಡು ಇನ್‌ಸ್ಟಾದಾಗ ಹಾಕೋದಕ್ಕೂ ಗ್ಲೋಬಲ್ ಹೆಲ್ತ್ ಅಂತ ಹೆಸರ ಇಟ್ಟಾರ ಈಗ. ನಾನೂ ಒಂದ ಇಂಥಾ ಕ್ಯಾಂಪಿಗೆ ಆಫ್ರಿಕಾಕ್ಕ ಹೋಗಿದ್ದೆ, ಯಾರ ಕರಕೊಂಡ ಹೋಗಿದ್ರು ಅಂತ ಹೇಳಂಗಿಲ್ಲ. ಮೂಲ್ಯಾಗ ನೋವಿಗೆ ಕೊಡೋ ಅಲ್ಟ್ರಾಸೌಂಡ್ ಮಶೀನ್ ಧೂಳ ತಿನ್ಕೋತ ಬಿದ್ದಿದ್ವು, ಕರೆಂಟ್ ಇಲ್ಲ, ಇದ್ದಾಗ ಪ್ಲಗ್ಗಿನ ಪಿನ್ನ ಬ್ಯಾರೆ. ಅಲ್ಲಿಯಾಂವ ಒಬ್ಬ ಅಸಿಸ್ಟೆಂಟ್ ಇದ್ದ, ಸೆರಬ್ರಲ್ ಪಾಲ್ಸಿ (ಮೆದುಳಿನ ತೊಂದರಿಯಿಂದ ಕೈಕಾಲ ಹಿಡತ ಇಲ್ಲದ) ಹುಡುಗ್ರಿಗೆ ಕಟ್ಟಗಿ ಕುರ್ಚಿ, ರಟ್ಟಿನ ಕುರ್ಚಿ ತಾನ ಅಳತಿ ತಗೊಂಡ ಮಾಡ್ತಿದ್ದ. ನಮ್ಮ ಟೀಮಿನಾಗ ಯಾರೂ ಅವನ್ನ ಒಂದ ಮಾತ ಕೇಳಲಿಲ್ಲ, ಅವಂಗ ಲೆಕ್ಚರ್ ಕೊಟ್ಟ ಬಂದ್ರು. ನಾವ ಹೋದ ಮ್ಯಾಲ ಆ ಹುಡುಗ್ರನ್ನ ನೋಡಾಂವ ಅವನ ಅಲ್ಲೇನ್ರಿ?

ಹೆಂಗ ಮಾಡಬೇಕು ಅಂತ ನೋಡೋದಿದ್ರ ಬಾಂಗ್ಲಾದೇಶದ ಸಿಆರ್‌ಪಿ ಅನ್ನೋ ರಿಹ್ಯಾಬ್ ಸೆಂಟರ್ ನೋಡ್ರಿ. ವ್ಯಾಲೆರಿ ಟೇಲರ್ ಅಂತ ಇಂಗ್ಲೆಂಡಿನ ಫಿಸಿಯೋ, 1969ರಾಗ ವಾಲಂಟಿಯರ್ ಆಗಿ ಹೋದಾಕಿ, 1979ರಾಗ ಢಾಕಾದಾಗ ಒಂದ ಆಸ್ಪತ್ರಿಯ ಹಳೇ ಗೋದಾಮಿನ್ಯಾಗ ನಾಲ್ಕ ಪೇಶಂಟ್ ಇಟ್ಕೊಂಡ ಚಾಲೂ ಮಾಡಿದ್ರು. ಈಗ ಢಾಕಾ ಬಾಜೂಕ ಸಾವರ್‌ದಾಗ ದೊಡ್ಡ ಕ್ಯಾಂಪಸ್ ಐತಿ, ತಮ್ಮದ ಕಾಲೇಜ ಐತಿ, ಅಲ್ಲಿ ಹುಡುಗ್ರ ಅಲ್ಲೇ ಫಿಸಿಯೋ ಡಿಗ್ರಿ ಓದ್ತಾರ. 2013ರಾಗ ಅದ ಸಾವರ್‌ದಾಗ ರಾಣಾ ಪ್ಲಾಜಾ ಬಿಲ್ಡಿಂಗ್ ಕುಸದು ಗಾರ್ಮೆಂಟ್ ಕೆಲಸದವರು 1,100ಕ್ಕಿಂತ ಹೆಚ್ಚ ಮಂದಿ ಸತ್ತ್ರಲ್ಲ, ಬದುಕಿ ಉಳದವರಾಗ ಬೆನ್ನ ಮುರದವರು, ಕೈಕಾಲ ಹೋದವರು ಆ ಸೆಂಟರಿಗೆ ಹೋದ್ರು. ಬಂಗಾಳಿ ಮಾತಾಡೋ ಫಿಸಿಯೋಗಳು ಬಾಜೂಕ ರೆಡಿ ಇದ್ರು, ಹೊರಗಿಂದ ವಿಮಾನ ಬರೂತನಕಾ ಕಾಯೋ ಗರಜ ಬೀಳಲಿಲ್ಲ. ಅದಕ್ಕ ಮೊದಲಿನ ಮೂವತ್ತ ವರ್ಷದ ಕೆಲಸ ಅದು, ಎರಡ ವಾರದ್ದಲ್ಲ.

ಅಮ್ಮಾನ್_ಡೈರಿ

ಹುಬ್ಬಳ್ಳಿಯೋರ ಮಾತಿಗೆ ನಂದೂ ಒಂದ್ ಓಟು, ಆದ್ರೆ ಎಲ್ಲ ಕಡೆ ಮೂವತ್ ವರ್ಷ ಶಾಂತಿ ಇರಲ್ವಲ್ಲ. ನಾನು ಜೋರ್ಡಾನ್‌ನಲ್ಲಿ ಯುದ್ಧದಲ್ಲಿ ಗಾಯ ಆದೋರ ಜೊತೆ ಕೆಲಸ ಮಾಡಿದೀನಿ, ಇರಾಕ್, ಸಿರಿಯಾ, ಯೆಮೆನ್‌ನೋರು. (ಎಂಎಸ್‌ಎಫ್‌ನೋರು ಅಮ್ಮಾನ್‌ನಲ್ಲಿ 2006ರಿಂದ ಇಂಥೋರಿಗೆ ಅಂತಾನೇ ರೀಕನ್‌ಸ್ಟ್ರಕ್ಟಿವ್ ಸರ್ಜರಿ, ಅಂದ್ರೆ ಹಾಳಾದ ಅಂಗ ಸರಿಪಡಿಸೋ ಆಪರೇಷನ್, ನಡೆಸ್ತಿದಾರೆ, ಹುಡುಕಿ ಓದಿ.)

ನಿಜವಾದ ಕೆಲಸ ಏನು ಅಂದ್ರಲ್ಲ, ದಿಂಬು ಕಿತ್ತಾಕೋದು. ತಮಾಷೆ ಅಲ್ಲ. ಮಂಡಿ ಕೆಳಗೆ ಕಾಲು ಹೋಗಿರೋ ಹುಡುಗ, ನೋವು, ಊತ, ನೋಡ್ಕೊಳೋಕೆ ಬಂದಿರೋ ತಾಯಿ ಪ್ರೀತಿಯಿಂದ ಮಂಡಿ ಅಡಿಗೆ ಒಂದ್ ದಿಂಬು ಇಡ್ತಾರೆ, ಅವನಿಗೂ ಹಾಯ್ ಅನ್ಸುತ್ತೆ. ವಾರಗಟ್ಲೆ ಹಂಗೇ ಇದ್ರೆ ಮಂಡಿ, ಸೊಂಟದ ಕೀಲು ಎರಡೂ ಮಡಚ್ಕೊಂಡೇ ಬಿಗಿದೋಗುತ್ತೆ, ಆಮೇಲೆ ಎಷ್ಟ್ ದುಡ್ಡಿನ ಕೃತಕ ಕಾಲು ತಂದ್ರೂ ನೆಟ್ಟಗೆ ನಿಲ್ಲೋಕಾಗಲ್ಲ. ಬೆಳಗ್ಗೆ ತೆಗೀತೀವಿ, ಮಧ್ಯಾಹ್ನ ಹೋದ್ರೆ ದಿಂಬು ವಾಪಸ್ ಅಲ್ಲೇ. ಕೊನೆಗೆ ಒಬ್ರು ತಾಯಿಗೆ ಇಂಟರ್‌ಪ್ರಿಟರ್ ಇಟ್ಕೊಂಡು ಎಲ್ಲ ಬಿಡಿಸಿ ಹೇಳಿ, ಮಗನ್ನ ದಿನಾ ಬೋರಲು ಮಲಗಿಸೋದು, ಸ್ಟಂಪ್‌ಗೆ (ಕತ್ತರಿಸಿ ಉಳಿದ ಕಾಲಿನ ತುದಿಗೆ) ಎಂಟರ ಆಕಾರದಲ್ಲಿ ಬ್ಯಾಂಡೇಜ್ ಸುತ್ತೋದು ಅವ್ರಿಗೇ ವಹಿಸಿದ್ವಿ. ವಾರದೊಳಗೆ ಆಯಮ್ಮ ಪಕ್ಕದ ಬೆಡ್‌ನೋರ ದಿಂಬನ್ನೂ ಎಳೆದು ಹಾಕೋಕೆ ಶುರು ಮಾಡಿದ್ರು, ನಂಗಿಂತ ಸ್ಟ್ರಿಕ್ಟು.

ಇನ್ನೊಂದು, ಆಲ್ಬರ್ಟೊ ಕೈರೋ ಬಗ್ಗೆ ಓದಿ. ಇಟಲಿಯೋರು, ಮೊದ್ಲು ಲಾಯರ್, ಆಮೇಲೆ ಫಿಸಿಯೋ, 1990ರಲ್ಲಿ ರೆಡ್ ಕ್ರಾಸ್ ಕಡೆಯಿಂದ ಕಾಬೂಲ್‌ಗೆ ಹೋದೋರು ಎಷ್ಟ್ ಸರ್ಕಾರ ಬದಲಾದ್ರೂ ಬಿಟ್ ಬರ್ಲಿಲ್ಲ. ಅಲ್ಲಿನ ಸೆಂಟರ್‌ನಲ್ಲಿ ಕೃತಕ ಕಾಲು ಮಾಡೋರು, ಫಿಸಿಯೋ ಮಾಡೋರು ಹೆಚ್ಚುಕಮ್ಮಿ ಎಲ್ರೂ ಮೊದಲು ಅಲ್ಲೇ ಪೇಶಂಟ್ ಆಗಿದ್ದೋರು ಅಥವಾ ಅಂಗವೈಕಲ್ಯ ಇರೋರೇ.

ಕುಡ್ಲ_ಪಿಟಿ

ಅಂಕಿ ಬೇಕಿದ್ರೆ ನಿಮ್ಮ ಸೀನಿಯರ್‌ಗೆ ಇದನ್ನೂ ತೋರಿಸಿ ಮಾರಾಯ್ರೆ. ಪ್ರಪಂಚದಲ್ಲಿ ರಿಹ್ಯಾಬ್‌ನಿಂದ ಅನುಕೂಲ ಆಗಬಹುದಾದವರು 240 ಕೋಟಿ ಜನ ಅಂತ ಡಬ್ಲ್ಯುಎಚ್‌ಒ ಲೆಕ್ಕ ಉಂಟು, ಎಷ್ಟೋ ಬಡ ದೇಶಗಳಲ್ಲಿ ಹತ್ತು ಲಕ್ಷ ಜನಕ್ಕೆ 10 ಮಂದಿ ಟ್ರೈನಿಂಗ್ ಆದವರೂ ಇಲ್ಲ. 2023ರಲ್ಲಿ ವರ್ಲ್ಡ್ ಹೆಲ್ತ್ ಅಸೆಂಬ್ಲಿ ಇದರ ಬಗ್ಗೆ ನಿರ್ಣಯ ಕೂಡ ಮಾಡಿತು. ನಿರ್ಣಯದಿಂದ ಹುದ್ದೆ ಹುಟ್ಟುವುದಿಲ್ಲ, ಅದು ಬೇರೆ ವಿಷಯ.

ಆದ್ರೆ ವಿಮಾನ ಹತ್ತುವ ಮೊದಲು ಬೆಂಗಳೂರಲ್ಲೇ ನೋಡಿ. ಅಂಗವಿಕಲರಿಗೆ ಕೆಲಸ ಮಾಡುವ ಮೊಬಿಲಿಟಿ ಇಂಡಿಯಾ 1994ರಿಂದ ಉಂಟು, ಬೇರೆ ದೇಶದವರೇ ಅಲ್ಲಿ ಬಂದು ಕಲಿತು ಹೋಗ್ತಾರೆ. ಅದೇ ಥರದ ಇನ್ನೊಂದು ಸಂಸ್ಥೆ ಎಪಿಡಿ ಅಂತೂ 1959ರದ್ದು. ಕ್ಲಬ್‌ಫೂಟ್ (ಹುಟ್ಟುವಾಗಲೇ ಪಾದ ಒಳಗೆ ತಿರುಗಿರುವ) ಮಕ್ಕಳಿಗೆ ವಾರ ವಾರ ಪ್ಲಾಸ್ಟರ್ ಹಾಕುವ ಪೊನ್ಸೆಟಿ ಕ್ಲಿನಿಕ್‌ಗೆ ಹೋಗಿ ಕೂತ್ಕೊಳ್ಳಿ. ಪ್ಲಾಸ್ಟರ್ ಮುಗಿದ ಮೇಲೆ ನಾಲ್ಕು ವರ್ಷ ಆಗುವವರೆಗೆ ರಾತ್ರಿ ಬ್ರೇಸ್ ಹಾಕಿಸಬೇಕು, ತಾಯಿ ಬಸ್ ಚಾರ್ಜ್ ಇಲ್ಲದೆ ಬರುವುದು ನಿಲ್ಲಿಸಿದ್ರೆ ಕಾಲು ಮತ್ತೆ ತಿರುಗ್ತದೆ. ಆ ಫಾಲೋಅಪ್ ಮಾಡಿಸ್ಲಿಕ್ಕೆ ಬಂದ್ರೆ ನೀವು ಎಲ್ಲಿ ಬೇಕಾದ್ರೂ ಹೋಗಬಹುದು.

ಇಂಟರ್ನ್_ಬಿಪಿಟಿ

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಸೀನಿಯರ್‌ಗೆ ಲಿಂಕ್ ಕಳ್ಸಿದೀನಿ, ಬ್ಲೂ ಟಿಕ್ ಬಂದಿದೆ ರಿಪ್ಲೈ ಇಲ್ಲ 😄 ಒಂದೇ ಡೌಟು, ಭಾಷೆ ಕಲಿಯೋದಾದ್ರೆ ಫ್ರೆಂಚಾ ಅರೇಬಿಕ್ಕಾ? ಮತ್ತೆ ಈಗಲೇ ಅಪ್ಲೈ ಮಾಡಬಹುದಾ?

ಅಮ್ಮಾನ್_ಡೈರಿ

ಫ್ರೆಂಚ್. ಕಾಂಗೋ, ಚಾಡ್, ಮಧ್ಯ ಆಫ್ರಿಕಾ, ಹೈಟಿ ಎಲ್ಲ ಕಡೆ ಅದೇ ನಡಿಯೋದು, ಇಂಗ್ಲಿಷ್ ಜೊತೆ ಅದಿದ್ರೆ ನಿಮ್ಮ ಅರ್ಜಿ ಮೇಲೆ ಬರುತ್ತೆ. ಈಗ್ಲೇ ಬೇಡ, ಇಂಟರ್ನ್‌ಶಿಪ್ ಆದ್ಮೇಲೆ ಎರಡ್ಮೂರ್ ವರ್ಷ ದೊಡ್ಡ ಸರ್ಕಾರಿ ಆಸ್ಪತ್ರೇಲಿ ಆರ್ಥೋ, ಬರ್ನ್ಸ್ ವಾರ್ಡ್ ಮಾಡಿ. ಬರ್ನ್ಸ್ ಯಾರೂ ಕೇಳ್ಕೊಂಡು ಹೋಗಲ್ಲ, ನೀವು ಕೇಳಿ. ಪಿಒಪಿಲಿ (ಪ್ಲಾಸ್ಟರ್) ಸ್ಪ್ಲಿಂಟ್, ಅಂದ್ರೆ ಕೈಕಾಲಿಗೆ ಆಸರೆ ಪಟ್ಟಿ, ಮಾಡೋದು ಕೈಗೆ ಹತ್ತಲಿ, ಅಲ್ಲಿ ರೆಡಿಮೇಡ್ ಸಿಗಲ್ಲ.

ಹುಬ್ಬಳ್ಳಿ_ಮಂದಿ

ಮತ್ತ ಕಟ್ಟಗಿ ಕೆಲಸಾನೂ ಒಂದೀಟ ಕಲ್ಕೊಂಡ ಹೋಗ್ರಿ.