ಅರಬ್ಬಿ, ಪಾರಸಿ, ಯಹೂದಿ ಸಂಗೀತ: ಕರ್ನಾಟಕ ಸಂಗೀತದ ಕಿವಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕುಂಬಳೆಯ ಸಂಗೀತ ಟೀಚರ್

ಕಾಸರಗೋಡಿನವರಾದ ನಮಗೆ ಅರಬ್ಬಿ ಧಾಟಿಯ ಹಾಡು ಹೊಸದಲ್ಲ. ಮೊಗ್ರಾಲಿನ ಮಾಪ್ಪಿಳಪ್ಪಾಟ್ಟು (ಮಾಪ್ಪಿಳ ಮುಸ್ಲಿಮರ ಹಾಡು), ದಫ್ ಮುಟ್ಟು, ಗಲ್ಫಿನಿಂದ ರಜೆಗೆ ಬಂದವರ ಮನೆಗಳಲ್ಲಿ ಕೇಳಿಬರುವ ಗೀತೆಗಳು, ಇವೆಲ್ಲ ಯಕ್ಷಗಾನದ ಚೆಂಡೆ ಮದ್ದಳೆಗಳ ಜೊತೆಗೇ ನಮ್ಮ ಕಿವಿಗೆ ಬಿದ್ದಿವೆ. ಮಕ್ಕಳಿಗೆ ಕರ್ನಾಟಕ ಸಂಗೀತದ ಪಾಠ ಹೇಳುವ ನಾನು ಈಚೆಗೆ ಅರಬ್ಬಿ, ಪಾರಸಿ ಮತ್ತು ಯಹೂದಿ ಸಂಗೀತವನ್ನು ಶ್ರದ್ಧೆಯಿಂದ ಕೇಳಲು ತೊಡಗಿದ್ದೇನೆ.

ನನಗೆ ಎರಡು ತೊಡಕುಗಳಿವೆ. ಔದ್ ವಾದ್ಯದ ಒಂದು ವಾದನ ಅಚ್ಚ ವಕುಲಾಭರಣ ರಾಗದಂತೆ ಕೇಳಿ ಮನಸ್ಸು ಹಿಗ್ಗಿದರೆ, ಮರುಗಳಿಗೆಯ ಇನ್ನೊಂದು ವಾದನದಲ್ಲಿ ಗಾಂಧಾರವು ಸಾಧಾರಣವೂ (ಕೆಳಗಿನದೂ) ಅಲ್ಲದೆ ಅಂತರವೂ (ಮೇಲಿನದೂ) ಅಲ್ಲದೆ ನಡುವೆ ನಿಂತುಬಿಡುತ್ತದೆ, ಅದನ್ನು ಸರಿಪಡಿಸಬೇಕೆಂದು ಗಂಟಲು ಚಡಪಡಿಸುತ್ತದೆ. ಎರಡನೆಯದು, ಈಜಿಪ್ಟಿನ ಹಾಡುಗಳು ಒಂದೊಂದು ಗಂಟೆ ನಡೆಯುತ್ತವೆ, ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಭಾಷೆ ತಿಳಿಯದ ನಾನು ಅಲ್ಲಿ ಯಾವುದನ್ನು ಗಮನಿಸಬೇಕು? ಯಾವ ಕ್ರಮದಲ್ಲಿ ಕೇಳಿದರೆ ಒಳಗೆ ಪ್ರವೇಶ ಸಿಕ್ಕೀತು?

ಉತ್ತರ: ಮೊಗ್ರಾಲಿನಿಂದ

ಟೀಚರೇ, ನೀವು ಕೇಳಿದ ಆ ಎರಡು ವಾದನಗಳಲ್ಲಿ ಮೊದಲನೆಯದು ಹಿಜಾಜ್ ಎಂಬ ಮಕಾಮ್ (ನಮ್ಮ ರಾಗದಂತಹ ಅರಬ್ಬಿ ಸ್ವರವ್ಯವಸ್ಥೆ) ಇರಬೇಕು. ಅದರ ಸ್ವರಗಳು ವಕುಲಾಭರಣದ ಸ್ವರಗಳಿಗೆ ಬಹುಮಟ್ಟಿಗೆ ಹೊಂದುತ್ತವೆ. ಹಾಗೆಯೇ ಅಜಮ್ ಶಂಕರಾಭರಣಕ್ಕೆ, ನಹಾವಂದ್ ನಠಭೈರವಿಗೆ, ಕುರ್ದ್ ತೋಡಿಗೆ ಹತ್ತಿರದವು. ಎರಡನೆಯದು ಬಹುಶಃ ರಾಸ್ತ್. ಅದರಲ್ಲಿ ಗಾಂಧಾರವು ಸಾಧಾರಣ ಮತ್ತು ಅಂತರಗಳ ನಡುವೆ, ನಿಷಾದವು ಕೈಶಿಕಿ ಮತ್ತು ಕಾಕಲಿಗಳ ನಡುವೆ ಇರುತ್ತದೆ. ಬಯಾತಿಯಲ್ಲಿ ರಿಷಭ ಹಾಗೆ ನಡುವಿನದು. ನಮ್ಮ ಬೇಗಡೆಯ ನಿಷಾದವನ್ನು ಮನಸ್ಸಿಟ್ಟು ಹಾಡಿದವರಿಗೆ ಇಂತಹ ನಡುಸ್ವರ ತೀರ ಪರಕೀಯವಲ್ಲ. ವ್ಯತ್ಯಾಸವಿರುವುದು ನಿಲ್ಲುವ ರೀತಿಯಲ್ಲಿ. ನಾವು ಅಂತಹ ಸ್ವರವನ್ನು ಗಮಕದ ಚಲನೆಯಲ್ಲಿ ಮುಟ್ಟಿ ಸಾಗುತ್ತೇವೆ, ಅರಬ್ಬಿ ಗಾಯಕರು ಅದರ ಮೇಲೆ ನೇರವಾಗಿ, ಅಲುಗಾಡದೆ ನಿಲ್ಲುತ್ತಾರೆ. ಆದುದರಿಂದ ಆ ಸ್ವರವನ್ನು ಕೇಳುವುದಷ್ಟೇ ಸಾಲದು, ಶ್ರುತಿಪೆಟ್ಟಿಗೆಯ ಜೊತೆ ಅದನ್ನು ಹಿಡಿದು ನಿಲ್ಲಿಸಿ ಹಾಡಿ ನೋಡಬೇಕು. ಗಂಟಲು ಒಪ್ಪಿದ ಮೇಲೆ ಕಿವಿ ತಾನಾಗಿ ಒಪ್ಪುತ್ತದೆ.

ಹಾಡುಗಳಿಗಿಂತ ಮೊದಲು ತಕ್ಸೀಮ್ ಕೇಳಿ ಎಂಬುದು ನನ್ನ ಸಲಹೆ. ತಾಳದ ಕಟ್ಟಿಲ್ಲದೆ ಒಬ್ಬನೇ ವಾದಕ ಮಕಾಮನ್ನು ಬಿಡಿಸುತ್ತಾ ಹೋಗುವ ಕ್ರಮ ಅದು, ಆಲಾಪನೆ ಬಲ್ಲವರಿಗೆ ಭಾಷೆಯ ಅಡ್ಡಿಯೇ ಇಲ್ಲ. ಇರಾಕಿನ ಮುನೀರ್ ಬಷೀರ್ (1930–1997) ಅವರ ಔದ್ ವಾದನದಲ್ಲಿ ಸ್ವರಗಳ ನಡುವಿನ ಮೌನಕ್ಕೂ ಸ್ಥಾನವಿದೆ. ಅಲ್ಲಿಂದ ಈಜಿಪ್ಟಿನ ಗಾಯಕಿ ಉಮ್ಮ್ ಕುಲ್ಸೂಮ್ ಅವರ ಕಡೆಗೆ ಬನ್ನಿ. ಪ್ರತಿ ತಿಂಗಳ ಮೊದಲ ಗುರುವಾರ ರಾತ್ರಿ ಕೈರೋ ರೇಡಿಯೋದಲ್ಲಿ ಪ್ರಸಾರವಾಗುತ್ತಿದ್ದ ಅವರ ಕಛೇರಿಗಳಿಗಾಗಿ ಅರಬ್ ದೇಶಗಳ ಜನ ದಶಕಗಳ ಕಾಲ ಕಾದು ಕುಳಿತಿದ್ದರು. ಅವರು ಒಂದೇ ಸಾಲನ್ನು ಮತ್ತೆ ಹಾಡುವುದು ಪುನರಾವರ್ತನೆಯಲ್ಲ. ಪ್ರತಿ ಸಲವೂ ಒಂದು ಪದದ ಒತ್ತು ಬದಲಾಗುತ್ತದೆ, ಕೆಲವೊಮ್ಮೆ ಮಕಾಮೇ ಬದಲಾಗಿ ಮರಳುತ್ತದೆ, ಸಭಿಕರು ಕೂಗಿ ಕೇಳಿಕೊಂಡಾಗ ಇನ್ನೊಮ್ಮೆ ಹೊಸದಾಗಿ ಮೂಡುತ್ತದೆ. ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ಕ್ರಮ) ಕೇಳುವ ಕಿವಿಯಿಂದಲೇ ಅದನ್ನು ಕೇಳಬೇಕು. ಸ್ಟುಡಿಯೋ ಧ್ವನಿಮುದ್ರಿಕೆಗಿಂತ ಸಭಿಕರ ದನಿ ಕೇಳಿಸುವ ಕಛೇರಿಯ ಮುದ್ರಿಕೆಯನ್ನೇ ಆರಿಸಿಕೊಳ್ಳಿ. ಮುಹಮ್ಮದ್ ಅಬ್ದುಲ್ ವಹಾಬ್ ಅವರು ಅವರಿಗಾಗಿ ಮೊದಲ ಬಾರಿ ಸಂಯೋಜಿಸಿದ, 1964ರ ‘ಇಂತಾ ಉಮ್ರೀ’ ಒಳ್ಳೆಯ ಆರಂಭ. ವಿದ್ಯುತ್ ಗಿಟಾರ್ ಕೂಡ ಅದರ ಮೇಳದಲ್ಲಿದೆ.

ಉತ್ತರ: ಮಂಜೇಶ್ವರದಿಂದ

ಮೊಗ್ರಾಲಿನ ಅಣ್ಣ ಹೇಳಿದ್ದು ಅರಬ್ಬಿಗೆ ಸರಿ. ಆದರೆ ಟೀಚರ್ ಪಾರಸಿಯಿಂದ ಆರಂಭಿಸಬಹುದಿತ್ತು ಎಂದು ನನ್ನ ಎಣಿಕೆ, ಏಕೆಂದರೆ ಅಲ್ಲಿ ಗುರುಮುಖದಿಂದ ಕಲಿಯುವ ಪಾಠಾಂತರದ ಶಿಸ್ತು ನಮ್ಮದಕ್ಕೆ ಬಹಳ ಸಮೀಪದ್ದು. ರದೀಫ್ ಎಂದು ಕರೆಯಲಾಗುವ, ಗೂಶೆಗಳೆಂಬ ನೂರಾರು ಚಿಕ್ಕ ರಾಗಖಂಡಗಳನ್ನು ರಾಗಗಳಂತಹ ಏಳು ದಸ್ತಗಾಹ್‌ಗಳಲ್ಲಿ ಜೋಡಿಸಿದ ಸಂಚಯವನ್ನು ವಿದ್ಯಾರ್ಥಿ ಬಾಯಿಪಾಠ ಮಾಡಿಕೊಳ್ಳುತ್ತಾನೆ, ಅದು ಮೈಗೂಡಿದ ಮೇಲೆ ತನ್ನ ಮನೋಧರ್ಮದಿಂದ ಹಾಡುತ್ತಾನೆ. ಈ ರದೀಫ್ 2009ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಮಕ್ಕಳಿಗೆ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹೇಳಿಕೊಡುವವರು ಚಹಾರಗಾಹ್ ದಸ್ತಗಾಹನ್ನು ಮೊದಲು ಕೇಳಬೇಕು. ಚೌಕಟ್ಟು ಅದೇ, ಆದರೆ ರಿಷಭ ಧೈವತಗಳು ಶುದ್ಧಸ್ಥಾನಕ್ಕಿಂತ ತುಸು ಮೇಲೆ ನಿಲ್ಲುತ್ತವೆ. ಅಷ್ಟು ಸಣ್ಣ ಅಂತರದಲ್ಲಿ ರಾಗದ ಮುಖವೇ ಬೇರೆಯಾಗುವುದನ್ನು ಕೇಳುವುದೊಂದು ಸುಖ.

ಮಶ್ಹದ್‌ನಲ್ಲಿ ಹುಟ್ಟಿ 2020ರ ಅಕ್ಟೋಬರಿನಲ್ಲಿ ತೀರಿಕೊಂಡ ಮುಹಮ್ಮದ್ ರೆಜಾ ಶಜರಿಯಾನ್ ಅವರ ಆವಾಜ್ ಎಂಬ ಗಾಯನ ಕೇಳದೆ ಮುಂದೆ ಹೋಗಬೇಡಿ. ಆವಾಜ್‌ನಲ್ಲಿ ತಾಳವಿಲ್ಲ, ಹಾಫೆಜ್ ಅಥವಾ ಸಾದಿ ಕವಿಗಳ ಪದ್ಯದ ಛಂದಸ್ಸೇ ನಡಿಗೆಯನ್ನು ನಿರ್ಧರಿಸುತ್ತದೆ. ಭಾಗವತರು ತಾಳ ಬಿಟ್ಟು ಪದ್ಯವನ್ನು ಎತ್ತಿ ಹಾಡುವಾಗ ನಾವು ಕೇಳುವ ಸ್ವಾತಂತ್ರ್ಯ ಅಲ್ಲಿಯೂ ಇದೆ. ಗಾಯಕ ಒಂದು ಸಾಲು ಮುಗಿಸಿದೊಡನೆ ತಾರ್ ಎಂಬ ಮೀಟುವ ವಾದ್ಯ ಅಥವಾ ಕಮಾಂಚೆ ಎಂಬ ಕಮಾನಿನ ವಾದ್ಯ ಅದಕ್ಕೆ ಉತ್ತರ ಕೊಡುತ್ತದೆ. ಸಾಲಿನ ಕೊನೆಯಲ್ಲಿ ದನಿಯನ್ನು ಮೇಲಕ್ಕೆ ಒಡೆಯುತ್ತ ಮಾಡುವ ತಹ್ರೀರ್ ಎಂಬ ಅಲಂಕಾರ ಮೊದಲ ಕೇಳ್ಮೆಗೆ ವಿಚಿತ್ರವೆನಿಸಬಹುದು. ಅದು ನಮ್ಮ ಬೃಗಾ (ವೇಗದ ಸ್ವರಗುಚ್ಛ) ಅಲ್ಲ, ಹಾಗೆಂದು ಅಳೆಯಲೂ ಬಾರದು.

ಉತ್ತರ: ಬದಿಯಡ್ಕದಿಂದ

ಮೇಲಿನ ಇಬ್ಬರ ಮಾತನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆ ಹೇಳುತ್ತೇನೆ. ಪ್ರತಿಯೊಂದು ಮಕಾಮ್‌ಗೂ ಮೇಳಕರ್ತವನ್ನು (ಮೂಲರಾಗವನ್ನು) ಹುಡುಕುತ್ತ ಕುಳಿತರೆ ಸ್ವರಪಟ್ಟಿ ಸಿಗುತ್ತದೆ, ಸಂಗೀತ ತಪ್ಪಿಹೋಗುತ್ತದೆ. ಮಕಾಮ್ ಎಂದರೆ ಏಳು ಸ್ವರಗಳ ಏಣಿಗಿಂತ ಹೆಚ್ಚಾಗಿ ಮೂರು, ನಾಲ್ಕು ಅಥವಾ ಐದು ಸ್ವರಗಳ ಗುಂಪುಗಳ ಜೋಡಣೆ. ವಾದಕನು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿ ಬೇರೆ ಮಕಾಮ್‌ಗಳನ್ನು ಸುತ್ತಿ ಮರಳುವುದೇ ಅಲ್ಲಿನ ಸೊಗಸು. ನಮ್ಮಲ್ಲಿ ಅನ್ಯಸ್ವರ ಎನಿಸುವುದು ಅಲ್ಲಿ ದಾರಿ.

ಯಹೂದಿ ಸಂಗೀತದ ಬಗ್ಗೆ ಇದುವರೆಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ಅದನ್ನು ಮೂರನೆಯ ಪ್ರತ್ಯೇಕ ಕೋಣೆಯಾಗಿ ಇಡುವುದು ಸರಿಯಲ್ಲ. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ಮಹಾಸಮ್ಮೇಳನ ನಡೆದಾಗ ಇರಾಕಿನಿಂದ ಗಾಯಕ ಮುಹಮ್ಮದ್ ಅಲ್ ಕುಬ್ಬಂಜಿಯವರ ಜೊತೆ ಹೋದ ವಾದಕರಲ್ಲಿ ಹೆಚ್ಚಿನವರು ಯಹೂದಿಗಳು. ಕುವೈತಿನಲ್ಲಿ ಹುಟ್ಟಿದ ಸಾಲಿಹ್ ಮತ್ತು ದಾವೂದ್ ಅಲ್ ಕುವೈತಿ ಎಂಬ ಯಹೂದಿ ಸಹೋದರರು 1936ರಲ್ಲಿ ಆರಂಭವಾದ ಇರಾಕ್ ರೇಡಿಯೋದ ಮೇಳವನ್ನು ಕಟ್ಟಿದರು. 1951ರ ಸುಮಾರಿಗೆ ಅವರು ಇಸ್ರೇಲಿಗೆ ವಲಸೆ ಹೋಗಬೇಕಾಯಿತು. ಪಾರಸಿ ಕಡೆಯಲ್ಲಿಯೂ ಹೀಗೆಯೇ: ಶಜರಿಯಾನ್ ಅವರ ಕಛೇರಿಗಳ ಕೊನೆಯಲ್ಲಿ ಸಭಿಕರು ಕೇಳಿ ಹಾಡಿಸುತ್ತಿದ್ದ ‘ಮುರ್ಗೆ ಸಹರ್’ ಗೀತೆಗೆ ರಾಗ ಕಟ್ಟಿದವರು ತೆಹರಾನಿನ ಯಹೂದಿ ತಾರ್ ವಾದಕ ಮುರ್ತಜಾ ನೈದಾವೂದ್.

ದೇವಾಲಯದ ಸಂಗೀತ ಕೇಳಬೇಕೆಂದರೆ ಸಿರಿಯಾದ ಅಲೆಪ್ಪೋ ಮೂಲದ ಯಹೂದಿಗಳ ಪ್ರಾರ್ಥನಾಗೀತೆಗಳನ್ನು ಕೇಳಿ. ಸಬ್ಬತ್ತಿನ (ವಾರದ ವಿಶ್ರಾಂತಿಯ) ದಿನ ಓದಬೇಕಾದ ಧರ್ಮಗ್ರಂಥದ ಭಾಗಕ್ಕೆ ತಕ್ಕಂತೆ ಆ ವಾರದ ಮಕಾಮ್ ನಿರ್ಧಾರವಾಗುತ್ತದೆ. ಪ್ರಸಿದ್ಧ ಅರಬ್ಬಿ ಹಾಡುಗಳ ಮಟ್ಟಿಗೆ ಹೀಬ್ರೂ ಪದ್ಯಗಳನ್ನು ಹೊಂದಿಸುವುದೂ ಅವರಲ್ಲಿ ರೂಢಿ. ಮಟ್ಟು ಹಿಡಿದು ಪದ ಕಟ್ಟಿದ ಪಾರ್ತಿಸುಬ್ಬನ ಊರಿನ ಟೀಚರಿಗೆ, ಇಶಲ್ (ಮಾಪ್ಪಿಳಪ್ಪಾಟ್ಟಿನ ಮಟ್ಟು) ಹಿಡಿದು ಹಾಡು ಕಟ್ಟುವ ಮೊಗ್ರಾಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂರ್ವ ಯುರೋಪಿನ ಯಹೂದಿಗಳ ಕ್ಲೆಜ್ಮರ್ ಬೇರೆಯೇ ಜಗತ್ತು, ಮದುವೆ ಮನೆಯ ಪಿಟೀಲು ಮತ್ತು ಕ್ಲಾರಿನೆಟ್‌ಗಳದ್ದು. ಅದರಲ್ಲಿಯೂ ವಕುಲಾಭರಣದ ಛಾಯೆ ಮತ್ತೆ ಮತ್ತೆ ಕಾಣುತ್ತದೆ. ನಮ್ಮ ರಾಜ್ಯದ್ದೇ ಆದ ಕೊಚ್ಚಿಯ ಯಹೂದಿ ಮಹಿಳೆಯರ ಮಲಯಾಳ ಹಾಡುಗಳನ್ನೂ ಮರೆಯಬೇಡಿ. ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟು ಅವರು ಅವನ್ನು ಉಳಿಸಿಕೊಂಡರು.

ಮರುಪ್ರಶ್ನೆ: ಕುಂಬಳೆಯ ಸಂಗೀತ ಟೀಚರ್

ಮೂವರಿಗೂ ಕೃತಜ್ಞತೆಗಳು. ರಾಸ್ತ್‌ನ ಗಾಂಧಾರವನ್ನು ಶ್ರುತಿಯೊಡನೆ ನಿಲ್ಲಿಸುವ ಅಭ್ಯಾಸವನ್ನು ಆರಂಭಿಸಿದ್ದೇನೆ. ನನ್ನ ಹಿರಿಯ ವಿದ್ಯಾರ್ಥಿಗಳಿಗೆ ಕೇಳಿಸಲು ಈಗಿನ ಕಾಲದ ಯಾರನ್ನು ಆರಿಸಿಕೊಳ್ಳಲಿ?

ಉತ್ತರ: ಮೊಗ್ರಾಲಿನಿಂದ

ಕಮಾಂಚೆ ವಾದಕ ಕೈಹಾನ್ ಕಲ್ಹೋರ್ ಅವರು ನಮ್ಮ ಸಿತಾರ್ ವಾದಕ ಶುಜಾತ್ ಹುಸೇನ್ ಖಾನ್ ಅವರೊಡನೆ ‘ಗಜಲ್’ ಎಂಬ ಹೆಸರಿನಲ್ಲಿ ನುಡಿಸಿದ್ದನ್ನು ಮೊದಲು ಕೇಳಿಸಿ. ಎರಡು ಪದ್ಧತಿಗಳು ಒಂದನ್ನೊಂದು ನುಂಗದೆ ಮಾತಾಡುವುದು ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ದಾವೂದ್ ಅಲ್ ಕುವೈತಿಯವರ ಮೊಮ್ಮಗ ದುದು ತಾಸಾ ಅವರು ಅಜ್ಜಂದಿರ ಹಾಡುಗಳನ್ನು ರಾಕ್ ವಾದ್ಯಗಳೊಡನೆ ಅರಬ್ಬಿಯಲ್ಲಿಯೇ ಹಾಡಿದ್ದಾರೆ. ಬದಿಯಡ್ಕದವರು ಬರೆದುದನ್ನು ಓದಿದ ಮೇಲೆ ಕೇಳಿದರೆ ಅದರ ತೂಕ ತಿಳಿಯುತ್ತದೆ. ಯೆಮೆನ್ ಮೂಲದ ಮೂವರು ಸಹೋದರಿಯರ ಎ-ವಾ ತಂಡ ಕುಣಿತದ ಲಯದ್ದು, ಮಕ್ಕಳಿಗೆ ಬೇಗ ಹಿಡಿಸುತ್ತದೆ. ತಾಳದಲ್ಲಿ ಗಟ್ಟಿಯಾದವರಿಗೆ ಸಮಾಈ ಎಂಬ ವಾದ್ಯಕೃತಿಗಳಲ್ಲಿ ಯಾವುದಾದರೂ ಒಂದನ್ನು ಕೊಡಿ. ಅದರ ಆವರ್ತ 3, 2, 2, 3 ಎಂದು ಒಡೆಯುವ 10 ಅಕ್ಷರಗಳದ್ದು, ನಾಲ್ಕನೆಯ ಖಂಡದಲ್ಲಿ ಮಾತ್ರ ಸಾಮಾನ್ಯವಾಗಿ ಲಯ ಬದಲಾಗುತ್ತದೆ. ಅವರು ಕೈಯಲ್ಲಿ ತಾಳ ಹಾಕುತ್ತ ಆ ಬದಲಾವಣೆಯನ್ನು ತಾವೇ ಕಂಡುಹಿಡಿಯಲಿ, ಮುಂಚಿತವಾಗಿ ಹೇಳಬೇಡಿ.