ಪೈಕ್‌ಗೆ ‘ಈಟಿ’ ಸಾಕೇ? ಜೊತೆಗೆ, ‘ತಡೆದರು’ – ‘ತಡೆದುಕೊಂಡರು’

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಯುರೋಪಿನ ಹಳೆಯ ಯುದ್ಧಗಳ ಬಗ್ಗೆ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಒಂದು ವಾರದಿಂದ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಪೈಕ್, ಅಂದರೆ ಕಾಲಾಳುಗಳು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚುತ್ತಿದ್ದ ತುಂಬಾ ಉದ್ದದ ಈಟಿ. ‘ಈಟಿ’ ಎಂದೇ ಬರೆದು ಮಗಳಿಗೆ ಓದಲು ಕೊಟ್ಟೆ. “ಬಾಣ ಬರೋವಾಗ ಈಟಿ ಎಸೆದುಬಿಟ್ಟು ಗುರಾಣಿ ಹಿಡ್ಕೋಬಹುದಿತ್ತಲ್ಲ ಅಪ್ಪಾ?” ಎಂದು ಕೇಳಿದಳು. ಅವಳ ಕಣ್ಣಮುಂದೆ ಇದ್ದದ್ದು ನೀರಜ್ ಚೋಪ್ರಾ. ಈಟಿ ಎಸೆತ, ಭರ್ಜಿ ಎಸೆತ ಎಂದು ನಾವೇ ಬರೆದು ಆ ಎರಡೂ ಪದಗಳನ್ನು ಎಸೆಯುವ ಆಯುಧಕ್ಕೆ ಕಟ್ಟಿಹಾಕಿದ್ದೇವೆ. ಪೈಕ್ ಎಸೆಯುವುದಲ್ಲ, ಎಸೆಯಲು ಆಗುವುದೂ ಇಲ್ಲ.

ಪ್ರಾಚೀನ ಮ್ಯಾಸಿಡೋನಿಯದವರ ಪೈಕ್ ಆದ ಸರಿಸಾ ತನ್ನ ಕಾಲದಲ್ಲಿ 14 ಮೊಳ ಉದ್ದವಿತ್ತು ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. (ಅವನ ಅಳತೆಯೂ ಮೊಣಕೈಯಿಂದ ಬೆರಳ ತುದಿಯವರೆಗಿನದೇ. ಹಾಗಾಗಿ ಮೀಟರಿಗೆ ತಿರುಗಿಸದೆ ‘ಮೊಳ’ ಎಂದೇ ಇಟ್ಟುಕೊಂಡಿದ್ದೇನೆ.) 14 ಮೊಳವೆಂದರೆ ಹೆಚ್ಚುಕಡಿಮೆ 21 ಅಡಿ. ಅಡಿಕೆ ತೋಟದಲ್ಲಿ ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಹಿಡಿದವರಿಗೆ ಇದರ ಕಷ್ಟ ಗೊತ್ತು. ನೆಟ್ಟಗೆ ನಿಲ್ಲಿಸಿಕೊಂಡರೆ ಹೇಗೋ ಆಗುತ್ತದೆ. ಅಡ್ಡಕ್ಕೆ ಬಗ್ಗಿಸಿದ ತಕ್ಷಣ ತುದಿ ಜಗ್ಗಿ ನೆಲ ನೋಡುತ್ತದೆ, ರಟ್ಟೆ ಸೋಲುತ್ತದೆ. ಎರಡೂ ಕೈ ಬೇಕೇ ಬೇಕು. ಅದಕ್ಕೇ ಅವರು ಸಣ್ಣ ಗುರಾಣಿಯನ್ನು ಪಟ್ಟಿಯಿಂದ ಭುಜಕ್ಕೆ ತೂಗುಹಾಕಿಕೊಳ್ಳುತ್ತಿದ್ದರು. ಇದಿಷ್ಟೂ ‘ಈಟಿ’ಯಲ್ಲಿ ಕಾಣುವುದಿಲ್ಲ.

ಹಳೆಯ ಯುದ್ಧವರ್ಣನೆಗಳಲ್ಲಿ ಬರುವ ಸಬಳ, ಬಲ್ಲೆಯ, ಕೊಂತಗಳ ಪೈಕಿ ‘ಸಬಳ’ವನ್ನು ಮತ್ತೆ ಬಳಕೆಗೆ ತರಬಹುದೇ? ಹಿಡಿದವರಿಗೆ ‘ಸಬಳಿಗರು’ ಎಂಬ ಚೆಂದದ ಪದವೂ ಸಿಗುತ್ತದೆ. ಅದು ಮಕ್ಕಳಿಗೆ ಭಾರವಾದೀತು ಎನ್ನುವುದಾದರೆ ‘ದೋಟಿ ಈಟಿ’ ಎಂದು ನಾನೇ ಕಟ್ಟಿದ್ದೊಂದಿದೆ. ಸೈನಿಕರು ನಿಲ್ಲುವ ಕ್ರಮಕ್ಕೆ ‘ವ್ಯೂಹ’ ಇದ್ದೇ ಇದೆ, ಅದರಲ್ಲಿ ತಕರಾರಿಲ್ಲ.

ಎರಡನೆಯದು ಕ್ರಿಯಾಪದ, ನನ್ನನ್ನು ಹೆಚ್ಚು ಕಾಡಿದ್ದು ಇದೇ. ಈ ವ್ಯೂಹಗಳು ಕುದುರೆ, ಬಾಣ, ಗುಂಡುಗಳ ಎದುರು ಎಷ್ಟು ನಿಂತವು ಎಂದು ಹೇಳಬೇಕು. ಮೊದಲು ಎಲ್ಲ ಕಡೆಯೂ ‘ತಡೆದವು’ ಎಂದು ಬರೆದಿದ್ದೆ. ಓದಿ ನೋಡಿದರೆ ಅರ್ಧ ಸುಳ್ಳಾಗಿತ್ತು.

1298ರ ಜುಲೈ 22, ಸ್ಕಾಟ್ಲೆಂಡಿನ ಫಾಲ್ಕರ್ಕ್. ಸ್ಕಾಟರ ನಾಯಕ ವಿಲಿಯಂ ವಾಲೇಸನ ಕಾಲಾಳುಗಳು ಉದ್ದನೆಯ ಈಟಿ ಚಾಚಿ ಗುಂಡಗೆ ಒತ್ತೊತ್ತಾಗಿ ನಿಂತಿದ್ದರು. ಇಂಗ್ಲಿಷ್ ಕುದುರೆಗಳಿಗೆ ಒಳನುಗ್ಗಲು ಆಗಲಿಲ್ಲ. ಆಗ ದೊರೆ ಒಂದನೇ ಎಡ್ವರ್ಡ್ ಸವಾರರನ್ನು ಹಿಂದಕ್ಕೆ ಕರೆಸಿ ಬಿಲ್ಲಾಳುಗಳನ್ನು ಮುಂದಕ್ಕೆ ತಂದ. ಸ್ಕಾಟರ ಬಿಲ್ಲುಗಾರರು ಅಷ್ಟರಲ್ಲಿ ಸತ್ತಿದ್ದರು, ಅವರ ಸವಾರರು ಕಣ ಬಿಟ್ಟು ಹೋಗಿದ್ದರು. ಕದಲಿದರೆ ವ್ಯೂಹ ಒಡೆಯುತ್ತದೆ, ನಿಂತರೆ ಬಾಣ ಬೀಳುತ್ತದೆ. ಬಿದ್ದವರ ಜಾಗ ತೆರವಾಯಿತು, ಆ ಸಂದಿಗಳಲ್ಲಿ ಕುದುರೆಗಳು ನುಗ್ಗಿದವು. ಇದನ್ನು ನಾನೀಗ ಹೀಗೆ ಬರೆದಿದ್ದೇನೆ: “ಕುದುರೆಗಳನ್ನು ತಡೆದರು, ಬಾಣಗಳನ್ನು ತಡೆದುಕೊಳ್ಳಲಾಗಲಿಲ್ಲ.”

ಒಂದು ‘ಕೊಳ್ಳು’ ಸೇರಿದ್ದರಿಂದ ಏನಾಯಿತು ನೋಡಿ. ‘ತಡೆ’ಯಲ್ಲಿ ಬರುವುದು ಆಚೆಯೇ ನಿಲ್ಲುತ್ತದೆ. ‘ತಡೆದುಕೊ’ದಲ್ಲಿ ಏಟು ಮೈಮೇಲೆ ಬೀಳುತ್ತದೆ, ಆದರೂ ಮನುಷ್ಯ ನಿಂತಿರುತ್ತಾನೆ. ಹಲ್ಲುನೋವು ಬಂದಾಗ “ತಡ್ಕೊಳಕ್ಕಾಗಲ್ಲ” ಅನ್ನುತ್ತೇವಲ್ಲ, ಅದೇ.

1513ರ ಫ್ಲಾಡನ್ ಕದನಕ್ಕೂ ಇದು ಹೊಂದುತ್ತದೆ. ಸ್ಕಾಟರ ದೊರೆ ನಾಲ್ಕನೇ ಜೇಮ್ಸನ ಪೈಕ್ ದಂಡಿನ ಮುಂದಿನ ಸಾಲುಗಳು ಒಳ್ಳೆಯ ಕವಚ ತೊಟ್ಟಿದ್ದರಿಂದ ಬಾಣಗಳನ್ನು ತಡೆದುಕೊಂಡವು. ಸೋಲಿಸಿದ್ದು ನೆಲ. ಗುಡ್ಡದ ಬುಡದ ಜೌಗಿನಲ್ಲಿ ಕಾಲು ಹೂತು ಸಾಲು ಕದಡಿತು. ಕೋಲಿಗೆ ಕತ್ತಿ ಸಿಕ್ಕಿಸಿದಂಥ ಗಿಡ್ಡ ಆಯುಧ ಹಿಡಿದ ಇಂಗ್ಲಿಷರು ಹತ್ತಿರ ನುಗ್ಗಿ ಪೈಕುಗಳ ತುದಿಗಳನ್ನೇ ಕಡಿದುಹಾಕಿದರು. ದೊರೆಯೂ ಅಲ್ಲೇ ಸತ್ತ. 1522ರಲ್ಲಿ ಇಟಲಿಯ ಬಿಕೋಕಾದಲ್ಲಿ ಸ್ವಿಸ್ ಪೈಕುಗಾರರು ಕೋವಿಗಳ ಎದುರು ಸಿಕ್ಕಿಕೊಂಡಾಗಲಂತೂ ಎರಡು ಕ್ರಿಯಾಪದಗಳೂ ಕೆಲಸಕ್ಕೆ ಬರುವುದಿಲ್ಲ.

ಒಂದು ಕಡೆ ಮಾತ್ರ ತೊಡಕು ಉಳಿದಿದೆ. ಮ್ಯಾಸಿಡೋನಿಯದ ವ್ಯೂಹದಲ್ಲಿ ಮೊದಲ ಐದು ಸಾಲಿನ ಸರಿಸಾಗಳಷ್ಟೇ ಮುಂದಕ್ಕೆ ಚಾಚಿರುತ್ತಿದ್ದವು, ಹಿಂದಿನ ಸಾಲಿನವರು ತಮ್ಮವನ್ನು ಮುಂದಿನವರ ಹೆಗಲ ಮೇಲಿಂದ ಓರೆಯಾಗಿ ಎತ್ತಿ ಹಿಡಿಯುತ್ತಿದ್ದರು, ಮೇಲಿಂದ ಬೀಳುವ ಬಾಣಗಳು ಆ ಕೋಲುಗಳ ಒತ್ತಿಗೆ ಸಿಕ್ಕುತ್ತಿದ್ದವು ಎಂದು ಪಾಲಿಬಿಯಸ್ ಹೇಳುತ್ತಾನೆ. ಕೋಲುಗಳು ಬಾಣಗಳನ್ನು ‘ತಡೆದವು’, ಅವುಗಳ ಕೆಳಗಿದ್ದ ಜನ ‘ತಡೆದುಕೊಂಡರು’ ಎಂದು ಒಂದೇ ವಾಕ್ಯದಲ್ಲಿ ಎರಡನ್ನೂ ಇಡಬಹುದೇ? ಇಲ್ಲಾ ಎರಡನೆಯದಕ್ಕೆ ‘ತಾಳಿಕೊಂಡರು’ ಎಂದರೆ ಮಕ್ಕಳಿಗೆ ಹೆಚ್ಚು ಸ್ಪಷ್ಟವೇ? ನಮ್ಮ ಮಲೆನಾಡಿನ ಕಡೆ ‘ತಾಳು’ ಅಂದರೆ ‘ಸ್ವಲ್ಪ ಕಾಯಿ’ ಎಂದೇ ಮೊದಲು ಹೊಳೆಯುತ್ತದೆ, ಅದಕ್ಕೆ ಹಿಂಜರಿಕೆ. ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ನಿಮ್ಮಲ್ಲಿ ಯಾವುದು ಸಹಜವೆಂದು ದಯವಿಟ್ಟು ತಿಳಿಸಿ. ‘ಸಬಳ’ದ ಬಗ್ಗೆಯೂ.