ಸಹಾಯ ಬೇಕು: ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಚಿತ್ರಕಥೆಗೆ

ಎಲ್ಲರಿಗೂ ನಮಸ್ಕಾರ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಕುರಿತು ಚಿತ್ರಕಥೆ ಬರೆಯುತ್ತಿದ್ದೇನೆ. ದಂಡಿಯ ಕಥೆ ಎಲ್ಲರಿಗೂ ಗೊತ್ತು. ನಮ್ಮದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಹೊಟ್ಟೆ ಉರಿಯುತ್ತದೆ. ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಜಮೀನು ಕಳೆದುಕೊಂಡದ್ದೂ ಕಥೆಯಲ್ಲಿದೆ.

ಮೊದಲ ದೃಶ್ಯದಲ್ಲೇ ಸಿಕ್ಕಿಬಿದ್ದಿದ್ದೇನೆ. ಒಲೆಯ ಮೇಲೆ ಉಪ್ಪುನೀರು ಕುದಿಯುತ್ತಿದೆ, ಅಂಚಿನಲ್ಲಿ ಬಿಳಿ ಹರಳು ಕಟ್ಟುತ್ತಿದೆ. ಪಾತ್ರೆ ತಾಮ್ರದ್ದೋ, ಮಣ್ಣಿನದೋ? ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ ಬಂದೆ. ಅಲ್ಲಿ ಬಿಸಿಲೇ ಒಲೆ!

ಅಜ್ಜ, ಅಜ್ಜಿ ಹೇಳಿದ ನೆನಪು, ಜಪ್ತಿಯ ನೋಟೀಸು, ಹಳೆಯ ಫೋಟೋ ಇದ್ದವರು ದಯವಿಟ್ಟು ಇಲ್ಲಿಯೇ ತಿಳಿಸಿ. ಕಾರವಾರದಿಂದ ನಾನೇ ಬರುತ್ತೇನೆ. ಕಾಗದ ಒಯ್ಯುವುದಿಲ್ಲ, ನಿಮ್ಮೆದುರೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತೇನೆ.